ಆಗುಂಬೆ ರೈಲ್ವೆ ಮೀಮಾಂಸೆ

ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಓಡಾಡುವ ಆಗುಂಬೆಯ ಪ್ರಜೆ ಯಾವ ರೈಲಿಗೆ, ಯಾವ ದರ್ಜೆಯ ಟಿಕೆಟ್ ಆರಿಸಬೇಕು ಎಂಬ ಪ್ರಶ್ನೆಯನ್ನು ವಿದ್ವಾಂಸರು ಈವರೆಗೆ ಕೈಗೆತ್ತಿಕೊಂಡಂತಿಲ್ಲ. ಆಗುಂಬೆಗೆ ರೈಲೇ ಇಲ್ಲ ಎಂಬ ಕ್ಷುಲ್ಲಕ ಕಾರಣಕ್ಕೆ ಹಿಂಜರಿದಿರಬಹುದು. ಆದರೆ ವಸ್ತು ಇಲ್ಲದಿರುವುದು ಶಾಸ್ತ್ರಕ್ಕೆ ಎಂದೂ ಅಡ್ಡಿಯಾಗಿಲ್ಲ. ಮೊಲದ ಕೊಂಬು, ಆಕಾಶದ ಹೂವು ಎಂದು ನಮ್ಮ ತಾರ್ಕಿಕರು ಇಲ್ಲದ್ದರ ಮೇಲೆಯೇ ಧಾರಾಳವಾಗಿ ಬರೆದಿದ್ದಾರೆ. ಆ ಸಾಲಿನಲ್ಲಿ ಆಗುಂಬೆಯ ರೈಲಿಗೂ ಒಂದು ಸೀಟು ಕೇಳುವುದೇ ಈ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ‘ಆಗುಂಬೆಗೆ ರೈಲುಂಟು, ಟಿವಿಯಲ್ಲಿ ಕಣ್ಣಾರೆ ಕಂಡಿದ್ದೇವೆ’ ಎನ್ನುವವರು ಇದ್ದಾರೆ. ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಮಾಡಿದಾಗ ಮಾಲ್ಗುಡಿಯಾಗಿ ನಿಂತದ್ದು ಆಗುಂಬೆಯೇ ಹೌದು. ಆದರೆ ಮಾಲ್ಗುಡಿಯ ರೈಲ್ವೆ ಸ್ಟೇಷನ್ ಆದದ್ದು ಹೊಸನಗರ ತಾಲ್ಲೂಕಿನ ಅರಸಾಳು. ಅಂದರೆ ಮಾಲ್ಗುಡಿಯ ಪ್ರಜೆ ಮನೆಯ ಮೆಟ್ಟಿಲಿಳಿದು ಗಾಡಿ ಹಿಡಿಯಬೇಕಾದರೆ ತಾಲ್ಲೂಕೇ ಬದಲಾಯಿಸಬೇಕಿತ್ತು. ಸಂಕಲನಕಾರರ ಕತ್ತರಿ ಆ ದೂರವನ್ನು ಅರೆಕ್ಷಣದಲ್ಲಿ ದಾಟಿಸಿತು. ಸಾರಿಗೆ ಇಲಾಖೆಯ ಬಳಿ ಅಂಥ ಕತ್ತರಿ ಇಲ್ಲ. ಅರಸಾಳಿನ ಹಳೇ ನಿಲ್ದಾಣ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಹೀಗೆ ಆಗುಂಬೆಗೆ ಇದ್ದ ಒಂದೇ ಒಂದು ಸ್ಟೇಷನ್ನು, ಅದೂ ಕಲ್ಪನೆಯದ್ದು, ವಸ್ತುಸಂಗ್ರಹಾಲಯ ಸೇರಿದ ಮೇಲೆ ಪೂರ್ವಪಕ್ಷ ಬಿದ್ದುಹೋಯಿತು.

ಇನ್ನು ಭೂಗೋಳ. ಮೂಡಕ್ಕೆ ಸುಮಾರು 90 ಕಿ.ಮೀ. ಹೋದರೆ ಶಿವಮೊಗ್ಗ, ಅಲ್ಲಿಯದು ನೈಋತ್ಯ ರೈಲ್ವೆ. ಪಡುವಕ್ಕೆ ಘಾಟಿಯ 14 ತಿರುವು ಇಳಿದು, ಸೋಮೇಶ್ವರ, ಹೆಬ್ರಿ ದಾಟಿ ಸುಮಾರು 55 ಕಿ.ಮೀ. ಹೋದರೆ ಉಡುಪಿಯ ಇಂದ್ರಾಳಿ ಸ್ಟೇಷನ್, ಅದು ಕೊಂಕಣ ರೈಲ್ವೆ. ಅಲ್ಲಿಂದ ತೆಂಕಕ್ಕೆ ತೋಕೂರು ದಾಟಿದಿರೋ ದಕ್ಷಿಣ ರೈಲ್ವೆ. ಮೂರು ರೈಲ್ವೆಗಳು ಸುತ್ತುವರಿದ ಊರು ಎಂದು ಹೇಳಿಕೊಳ್ಳಬಹುದು, ಹಳಿಯ ಮಾತು ಎತ್ತದಿದ್ದರೆ. ಇದರಿಂದಾಗಿ ಎರಡು ಪಂಥಗಳು ಹುಟ್ಟಿವೆ: ಶಂಕರಘಟ್ಟ, ಮೈಸೂರು ಎನ್ನುವ ಘಟ್ಟದ ಮೇಲಿನವರು; ಮಣಿಪಾಲ, ಕೊಣಾಜೆ ಎನ್ನುವ ಘಟ್ಟದ ಕೆಳಗಿನವರು. ನಡುವೆ ಒಬ್ಬ ಸಮನ್ವಯವಾದಿಯೂ ಇದ್ದಾನೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿಯಿಂದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿಗೆ ರೈಲಿನಲ್ಲೇ ಹೋಗುತ್ತೇನೆಂದು ಅವನ ಹಟ. ಅವನು ಭದ್ರಾವತಿಯಲ್ಲಿ ಹತ್ತಿ, ಅರಸೀಕೆರೆ, ಹಾಸನ ಎಂದು ಗಾಡಿ ಬದಲಿಸುತ್ತ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗ ನುಗ್ಗಿ ಮಂಗಳೂರು ತಲುಪುವಷ್ಟರಲ್ಲಿ ಆಗುಂಬೆಗೆ ಒಂದು ದೊಡ್ಡ ಅರ್ಧ ಪ್ರದಕ್ಷಿಣೆ ಹಾಕಿರುತ್ತಾನೆ. ಪುಣ್ಯ ಬಂದೀತು, ಸೆಮಿನಾರ್ ಸಿಗದು.

ಘಟ್ಟದ ಮೇಲಿನ ಪಂಥದ ಬತ್ತಳಿಕೆಯಲ್ಲಿ ಬಲವಾದ ಅಸ್ತ್ರವೊಂದಿದೆ, ತಾಳಗುಪ್ಪ–ಮೈಸೂರು ಗಾಡಿ. 2022ರಿಂದ ಅದು ಕುವೆಂಪು ಎಕ್ಸ್‌ಪ್ರೆಸ್. ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಇದಕ್ಕಿಂತ ಯೋಗ್ಯ ರೈಲಿಲ್ಲ. ಒಂದು ತುದಿಯಲ್ಲಿ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ರೂಪುಗೊಂಡು, ಅವರೇ ಹೆಸರಿಟ್ಟ ಮಾನಸಗಂಗೋತ್ರಿ. ದಾರಿಯಲ್ಲಿ ಅವರದೇ ಹೆಸರಿನ, 1987ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ. ಸೋಗಾನೆಯ ವಿಮಾನ ನಿಲ್ದಾಣಕ್ಕೂ ಅವರ ಹೆಸರೇ. ಆದರೆ ಅವರ ಕುಪ್ಪಳಿಯೂ ನಮ್ಮ ಆಗುಂಬೆಯೂ ಇರುವ ತೀರ್ಥಹಳ್ಳಿ ತಾಲ್ಲೂಕಿಗೆ ಮಾತ್ರ ರೈಲೂ ಇಲ್ಲ, ವಿಮಾನವೂ ಇಲ್ಲ. ಕವಿಯ ಹೆಸರು ಊರೆಲ್ಲ ಸುತ್ತಿ ಬರುತ್ತದೆ, ಕವಿಯ ಊರಿನವರು ಬಸ್ಸಿಗೆ ಕಾಯುತ್ತಾರೆ.

ಈಗ ರಿಯಾಯಿತಿ ಪ್ರಕರಣ. ಓದುವ ಊರಿನಿಂದ ಮನೆಗೆ ಹೋಗಿಬರಲು ವಿದ್ಯಾರ್ಥಿಗಳಿಗೆ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಅರ್ಧ ದರ, ಪರಿಶಿಷ್ಟರಿಗೆ ಮುಕ್ಕಾಲು ವಿನಾಯಿತಿ. ಆಗುಂಬೆಯ ಹುಡುಗಿಯೊಬ್ಬಳು ಕಾಲೇಜು ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತಾಗ ನಡೆದ ಸಂವಾದ ಉಪನಿಷತ್ತಿನ ಮಟ್ಟದ್ದು:

‘ಮನೆ ಹತ್ರದ ಸ್ಟೇಷನ್ ಯಾವ್ದಮ್ಮ?’

‘ಪೊಲೀಸ್ ಸ್ಟೇಷನ್ ಉಂಟು ಸಾರ್.’

‘ರೈಲ್ವೆದು ಕೇಳಿದ್ದು.’

‘ಮಳೆ ಇಲ್ಲದಾಗ ಉಡುಪಿ ಸಾರ್. ಮಳೆಗಾಲ್ದಲ್ಲಿ ಘಾಟಿ ಕುಸಿದ್ರೆ ಶಿವಮೊಗ್ಗ.’

ಋತುಮಾನಕ್ಕೆ ತಕ್ಕಂತೆ ಜಾಗ ಬದಲಿಸುವ ನಿಲ್ದಾಣಕ್ಕೆ ಅರ್ಜಿಯಲ್ಲಿ ಕಾಲಮ್ಮೇ ಇರಲಿಲ್ಲ. ಮೇಲಾಗಿ ಈ ಟಿಕೆಟ್ ಮಾಡಿಸಲು ಕೌಂಟರಿಗೇ ಹೋಗಬೇಕು. ಕೌಂಟರು ಘಟ್ಟದ ಆಚೆ ಅಥವಾ ತಾಲ್ಲೂಕಿನ ಆಚೆ. ರಿಯಾಯಿತಿಯಲ್ಲಿ ಉಳಿದದ್ದು ಕೌಂಟರಿಗೆ ಹೋದ ಬಸ್ಸಿಗೆ ಸರಿಹೋಗುತ್ತದೆ. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಹುಡುಗಿಗೆ ಶೂನ್ಯ ದರದ ಟಿಕೆಟ್ ಕೊಡುತ್ತಾರೆ, ಬೌದ್ಧರ ಶೂನ್ಯವಾದಕ್ಕೆ ಕರ್ನಾಟಕ ಕೊಟ್ಟ ಲಿಖಿತ ಪ್ರಮಾಣ ಅದು. ಖಾಸಗಿ ಮಿನಿ ಬಸ್ಸಿನ ಕಂಡಕ್ಟರ್ ಮಾತ್ರ ಪಕ್ಕಾ ವಾಸ್ತವವಾದಿ.

ಟಿಕೆಟ್ಟಿನ ಸ್ಥಿತಿಗತಿ ಕುರಿತ ಜಿಜ್ಞಾಸೆಗೆ ಆಗುಂಬೆಯಂಥ ಜಾಗ ಬೇರೆಲ್ಲೂ ಸಿಗದು. ಒಂದು ಕಡೆ ಶೃಂಗೇರಿ, ಇನ್ನೊಂದು ಕಡೆ ಉಡುಪಿ. ಆರ್‌ಎಸಿ ಎಂದರೆ ಒಂದೇ ಬರ್ತಿನಲ್ಲಿ ಇಬ್ಬರು ಕೂರುವ ವ್ಯವಸ್ಥೆ. ಶೃಂಗೇರಿ ಕಡೆಯವರು ಇಬ್ಬರೂ ಒಂದೇ, ಭೇದ ಬರೀ ತೋರಿಕೆ ಎಂದು ಕಾಲು ಚಾಚುತ್ತಾರೆ. ಉಡುಪಿ ಕಡೆಯವರು ಭೇದ ಸತ್ಯ, ತಾರತಮ್ಯವೂ ಸತ್ಯ, ಕಿಟಕಿ ನನ್ನದು ಎನ್ನುತ್ತಾರೆ. ವೇಟಿಂಗ್ ಲಿಸ್ಟ್ ವಿಷಯದಲ್ಲಿ ಮಾತ್ರ ಅದ್ವೈತಿಗಳ ವಾದ ಗಟ್ಟಿ: ದುಡ್ಡು ಕೊಟ್ಟಿದ್ದೀರಿ, ನಂಬರ್ ಬಂದಿದೆ, ಹೆಸರೂ ಇದೆ, ಚಾರ್ಟ್ ಎಂಬ ಜ್ಞಾನೋದಯವಾದೊಡನೆ ಆನ್‌ಲೈನ್ ಟಿಕೆಟ್ ತಾನಾಗಿ ರದ್ದು. ಇದ್ದಂತೆ ಕಂಡದ್ದು ಇರಲೇ ಇಲ್ಲ.

ಕಾಲತತ್ತ್ವದಲ್ಲೂ ತೊಡಕಿದೆ. ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60ಕ್ಕೆ ಇಳಿದದ್ದು 2024ರ ನವೆಂಬರಿನಲ್ಲಿ. ಅರವತ್ತು ದಿನ ಮುಂಚೆ ಆಗುಂಬೆಯಲ್ಲಿ ಯಾರೂ ಏನನ್ನೂ ನಿರ್ಧರಿಸುವುದಿಲ್ಲ, ಅಡಿಕೆ ಕೊಯ್ಲನ್ನೂ ಸಹ. ಉಳಿದದ್ದು ತತ್ಕಾಲ್: ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರ್‌ಗೆ 11 ಗಂಟೆ. ವರ್ಷಕ್ಕೆ ಸರಾಸರಿ 7,500 ಮಿ.ಮೀ. ಮೀರಿ ಮಳೆ ಬೀಳುವ ಊರಿನಲ್ಲಿ ಆಷಾಢದ 11 ಗಂಟೆಗೆ ಕರೆಂಟಿಲ್ಲ, ಕರೆಂಟಿಲ್ಲದ ಮೇಲೆ ಟವರಿಲ್ಲ. ಒಟಿಪಿ ಸಂಜೆ ಬರುತ್ತದೆ, ಅದೂ ಮೂರು ಸಲ. ಇದಕ್ಕೆ ಹೋಲಿಸಿದರೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನ ಪದ್ಧತಿ ಎಷ್ಟು ಸುಸಂಬದ್ಧ! ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದರೆ ಸೀಟು ಕನ್ಫರ್ಮ್. ಒದ್ದೆ ಕೊಡೆ ಇಟ್ಟರೆ ಆರ್‌ಎಸಿ, ಯಾರಾದರೂ ಎತ್ತಿಟ್ಟು ಕೂರಬಹುದು.

ಆದ್ದರಿಂದ ಸಿದ್ಧಾಂತ: ಆಗುಂಬೆಯವನು ರೈಲು ಟಿಕೆಟ್ ಆರಿಸುವುದಿಲ್ಲ. ಬಸ್ಸು ಆರಿಸುತ್ತಾನೆ, ಬಸ್ಸು ಅವನಿಗೊಂದು ರೈಲು ಆರಿಸಿಕೊಡುತ್ತದೆ. ‘ಶಿವಮೊಗ್ಗದಲ್ಲಿ ರೈಲು ಸಿಗ್ತದಾ?’ ಎಂದು ಕೇಳಿದವರಿಗೆ ಕಂಡಕ್ಟರ್ ಹೇಳುವ ‘ನೀವು ಹತ್ತಿ ಮಾರಾಯ್ರೆ’ ಎಂಬುದೇ ಈ ಶಾಸ್ತ್ರದ ಏಕೈಕ ಸೂತ್ರ, ಮೇಲಿನದೆಲ್ಲ ಭಾಷ್ಯ.

ಉತ್ತರಭಾಗವಾಗಿ ಇನ್ನೊಂದು ಅಧ್ಯಯನ ಯೋಚಿಸಲಾಗಿತ್ತು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಆನಂದಪುರದಲ್ಲಿ ಇಳಿದು ಹೋಗಬಹುದು. ಆದರೆ ಅರಣ್ಯ ಕಾಲೇಜೊಂದು ಇರುವುದು ಕೊಡಗಿನ ಪೊನ್ನಂಪೇಟೆಯಲ್ಲಿ, ಆ ಜಿಲ್ಲೆಗೆ ರೈಲೇ ಇಲ್ಲ. ರೈಲಿಲ್ಲದ ಊರಿನಿಂದ ರೈಲಿಲ್ಲದ ಜಿಲ್ಲೆಗೆ ರೈಲು ಟಿಕೆಟ್ ಆರಿಸುವುದು ಹೇಗೆಂಬ ಆ ಕ್ಷೇತ್ರಕಾರ್ಯ ಬಸ್ಸಿನಲ್ಲೇ ಮುಗಿಯಿತು. ಭತ್ಯೆಯ ಬಿಲ್ಲು ಮಾತ್ರ ವಾಪಸ್ ಬಂದಿದೆ. ಲಗತ್ತಿಸಿದ ಬಸ್ ಟಿಕೆಟ್ಟುಗಳ ಮೇಲಿನ ಅಕ್ಷರಗಳು ಆಗುಂಬೆಯ ಥಂಡಿಗೆ ಅಳಿಸಿಹೋಗಿದ್ದವು. ಅಂಚಿನಲ್ಲಿ ಲೆಕ್ಕಪರಿಶೋಧಕರ ಕೆಂಪು ಶಾಯಿಯ ಷರಾ: ‘ಹತ್ತಿರದ ಮಾರ್ಗದ ರೈಲು ಟಿಕೆಟ್ ಲಗತ್ತಿಸಿ ಮರುಸಲ್ಲಿಸುವುದು.’