ಫೋಟೊಗೆ ಎಡಿಟರ್ ಗೊತ್ತು, ಎಡಿಟರ್‌ಗೆ ಫೋಟೊ ಗೊತ್ತಿಲ್ಲ

ಏನಮ್ಮ, ಆ ಫೋಟೊ ಇನ್ನೂ ಕಾಣಿಸ್ತಿಲ್ವಾ? ನೀನು ಹೇಳಿದ್ದನ್ನೇ ಯೋಚಿಸ್ತಿದ್ದೆ. ಎರರ್ ಇಲ್ಲ, ಲಾಗ್‌ನಲ್ಲೂ ಏನಿಲ್ಲ, ಟೇಬಲ್ಲಲ್ಲಿ ಸಾಲು ಕಣ್ಣೆದುರಿಗೇ ಇದೆ, ಆದ್ರೂ ಎಡಿಟರ್ ಪ್ರೊಫೈಲ್ ಖಾಲಿ! ಬಾ, ಕಾಂಪೌಂಡ್ ಹತ್ರ ನಿಂತೇ ಹೇಳ್ತೀನಿ.

ನಿಮ್ಮ ಆ್ಯಪ್‌ನಲ್ಲಿ ಯೂಸರ್ಸ್ ಅಂತ ಒಂದೇ ಟೇಬಲ್ಲು, ರೀಡರ್ರೂ ಎಡಿಟರ್ರೂ ಅದರಲ್ಲೇ. ಯಾವ ಸಾಲು ಯಾರದು ಅಂತ ಹೇಳೋದು 'ಟೈಪ್' ಕಾಲಂ. ಅದೇ ಸಿಂಗಲ್ ಟೇಬಲ್ ಇನ್ಹೆರಿಟೆನ್ಸ್. ಮಾರ್ಟಿನ್ ಫೌಲರ್ 2002ರ ಪುಸ್ತಕದಲ್ಲೇ ಬರೆದಿದ್ರು, 2004ರಲ್ಲಿ ಬಂದ ರೈಲ್ಸ್ ಫ್ರೇಮ್‌ವರ್ಕ್ ಅದನ್ನ ತನ್ನದಾಗಿ ಮಾಡ್ಕೊಂಡ್ತು. ಇನ್ನು ಫೋಟೊ ಯೂಸರ್‌ದೂ ಆಗಬಹುದು, ಲೇಖನದ್ದೂ ಆಗಬಹುದು. ಅದಕ್ಕೇ ಫೋಟೊ ಟೇಬಲ್ಲಲ್ಲಿ 'ಇಮೇಜಬಲ್_ಐಡಿ' ಪಕ್ಕ 'ಇಮೇಜಬಲ್_ಟೈಪ್' ಇರೋದು. ಇದು ಪಾಲಿಮಾರ್ಫಿಕ್ ಸಂಬಂಧ.

ಈಗ ಗಮನವಿಟ್ಟು ಕೇಳು. ಐಡಿ 7ರ ಎಡಿಟರ್‌ಗೆ ಕೋಡ್‌ನಲ್ಲೇ ಫೋಟೊ ಸೇರಿಸಿದ್ರೆ, ರೈಲ್ಸ್ ಇಮೇಜಬಲ್_ಟೈಪ್‌ನಲ್ಲಿ 'ಎಡಿಟರ್' ಅಂತ ಬರೆಯಲ್ಲ, 'ಯೂಸರ್' ಅಂತ ಬರೆಯುತ್ತೆ. ಯಾವಾಗ್ಲೂ ಬೇಸ್ ಕ್ಲಾಸ್, ಅಂದ್ರೆ ಮೂಲ ಕ್ಲಾಸ್ ಹೆಸರೇ. ಎಡಿಟರ್ ಅನ್ನೋ ಮಾಹಿತಿ ಕಳೆದುಹೋಗುತ್ತಾ ಅಂತ ಕೇಳ್ತೀಯ. ಇಲ್ಲಮ್ಮ. ಫೋಟೊ ತನ್ನ ಒಡೆಯನನ್ನ ಹುಡುಕಿದಾಗ ಯೂಸರ್ಸ್‌ನಲ್ಲಿ ಐಡಿ 7ರ ಸಾಲು ಸಿಗುತ್ತೆ, ಅಲ್ಲಿನ ಟೈಪ್ ನೋಡಿ ಎಡಿಟರ್ ಆಬ್ಜೆಕ್ಟೇ ಕೈಗೆ ಬರುತ್ತೆ. ನಾಳೆ ಒಬ್ಬ ರೀಡರ್‌ಗೆ ಎಡಿಟರ್ ಬಡ್ತಿ ಸಿಕ್ತು ಅನ್ಕೋ, ಯೂಸರ್ಸ್‌ನಲ್ಲಿ ಒಂದು ಪದ ಬದಲಾದ್ರೆ ಮುಗೀತು, ಫೋಟೊ ಸಾಲುಗಳನ್ನ ಮುಟ್ಟೋದೇ ಬೇಡ. ನನಗೆ ಈ ಏರ್ಪಾಡು ತುಂಬಾ ಹಿಡಿಸುತ್ತೆ.

ನಿಮ್ಮ ಫಾರಂನಲ್ಲಿ ಏನಾಯ್ತು ಗೊತ್ತಾ? ಡ್ರಾಪ್‌ಡೌನ್‌ನಿಂದ 'ಎಡಿಟರ್' ಅನ್ನೋ ಸ್ಟ್ರಿಂಗ್ ನೇರವಾಗಿ ಕಾಲಂಗೆ ಹೋಗಿ ಕೂತಿದೆ. ಫೋಟೊ ಕಡೆಯಿಂದ ಹೋದ್ರೆ ಎಡಿಟರ್ ಸಿಗ್ತಾನೆ. ಎಡಿಟರ್ ಕಡೆಯಿಂದ 'ನನ್ನ ಫೋಟೊಗಳು' ಅಂದ್ರೆ ರೈಲ್ಸ್ 'ಯೂಸರ್' ಅಂತಿರೋ ಸಾಲುಗಳನ್ನ ಮಾತ್ರ ಹುಡುಕುತ್ತೆ, ಇದು ಸಿಗಲ್ಲ. ಒಂದು ಕಾಲಂ ಹಲವು ಟೇಬಲ್‌ಗಳ ಕಡೆ ಕೈ ತೋರಿಸೋದ್ರಿಂದ ಫಾರಿನ್ ಕೀ ಹಾಕೋಕೂ ಆಗಲ್ಲ, ಡೇಟಾಬೇಸ್ ನಿನ್ನ ಪರವಾಗಿ ಎಚ್ಚರಿಸಲ್ಲ. ಅದಕ್ಕೇ ಎರರ್ ಬರಲಿಲ್ಲ.

ಇದು ಮತ್ತೆ ಆಗದ ಹಾಗೆ ಫೋಟೊ ಮಾಡೆಲ್‌ನಲ್ಲಿ 'ಇಮೇಜಬಲ್_ಟೈಪ್' ಸೆಟ್ಟರ್ ಬರ್ಕೋ. ಬಂದ ಹೆಸರಿನ ಕ್ಲಾಸ್ ಹಿಡಿದು, ಅದರ ಬೇಸ್ ಕ್ಲಾಸ್ ಹೆಸರನ್ನ ಸೂಪರ್‌ಗೆ ಕೊಡು. ರೈಲ್ಸ್ ಡಾಕ್ಯುಮೆಂಟೇಶನ್ ಕೂಡ ಇದನ್ನೇ ಹೇಳುತ್ತೆ. ಆದ್ರೆ ಫಾರಂನಿಂದ ಬಂದ ಪದವನ್ನ ಹಾಗೇ ಕ್ಲಾಸ್ ಮಾಡೋಕೆ ಹೋಗ್ಬೇಡ, ನೀನೇ ಒಪ್ಪಿದ ಹೆಸರುಗಳ ಪಟ್ಟಿ ಇರಲಿ, ಸುರಕ್ಷತೆಯ ವಿಷಯ ಅದು.

ಮುಂದೆ ಎಡಿಟರ್‌ಗೆ ಹತ್ತಾರು ಕಾಲಂ, ರೀಡರ್‌ಗೆ ಬೇರೆ ಹತ್ತಾರು ಅಂತಾದ್ರೆ ಟೇಬಲ್ ತುಂಬಾ ನಲ್‌ಗಳೇ. ಆಗ 2020ರ ಡಿಸೆಂಬರ್‌ನಲ್ಲಿ ರೈಲ್ಸ್ 6.1 ತಂದ ಡೆಲಿಗೇಟೆಡ್ ಟೈಪ್ ನೋಡು. ಸಮಾನವಾದದ್ದು ಒಂದು ಟೇಬಲ್ಲಲ್ಲಿ, ಉಳಿದದ್ದು ಅವರವರ ಟೇಬಲ್ಲಲ್ಲಿ.

ಇವತ್ತು ಮಾತ್ರ ಮೊದಲು ಕನ್ಸೋಲ್ ತೆಗೆದು ಇಮೇಜಬಲ್_ಟೈಪ್‌ನಲ್ಲಿ ಯಾವ್ಯಾವ ಹೆಸರಿದೆ ಅಂತ ಡಿಸ್ಟಿಂಕ್ಟ್ ಹಾಕು. 'ಎಡಿಟರ್', 'ರೀಡರ್' ಕಂಡ್ರೆ ಬ್ಯಾಕಪ್ ತಗೊಂಡು ಒಂದು ಅಪ್‌ಡೇಟ್‌ನಲ್ಲಿ 'ಯೂಸರ್' ಮಾಡಿಬಿಡು. ಆಮೇಲೆ ಪ್ರೊಫೈಲ್ ರಿಫ್ರೆಶ್ ಮಾಡಿ ನನಗೊಂದು ಕೂಗು ಹಾಕಮ್ಮ.