ಮಾರ್ಕೆಟ್ ಹಾರ್ಬರೋಗೆ ಅತ್ತೆ ಬಂದರು

ಲೆಸ್ಟರ್‌ಶೈರಿನ ಮಾರ್ಕೆಟ್ ಹಾರ್ಬರೋ ಎಂಬ ಸಂತೆ ಊರಿನಲ್ಲಿ ನಮ್ಮ ಮನೆ. ಇಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತು, ಆದರೆ ಬಾಯಿಬಿಟ್ಟು ಕೇಳುವವರು ಒಬ್ಬರೂ ಇಲ್ಲ. ಮಳೆ ಬರುತ್ತೋ ಇಲ್ಲವೋ ಅನ್ನೋದನ್ನು ಬಿಟ್ಟರೆ ಬೇರೆ ಮಾತು ಅನಾಗರಿಕ. ಇಂಥ ಊರಿಗೆ ಅರಸೀಕೆರೆಯಿಂದ ನಮ್ಮತ್ತೆ ಆರು ತಿಂಗಳ ವೀಸಾದ ಮೇಲೆ ಬಂದಿಳಿದರು.

ಎದುರುಮನೆಯ ಅಜ್ಜನೊಡನೆ ನಮ್ಮದು ವರ್ಷಗಳಿಂದ ಬರೀ "ಲವ್ಲಿ ಡೇ" ಸಂಬಂಧ. ಅತ್ತೆಯ ಬಳಿ ಇದ್ದದ್ದು ಮೂರು ಇಂಗ್ಲಿಷ್ ಪದ: "ಸನ್? ಡಾಟರ್? ವೇರ್?" ಅಷ್ಟಕ್ಕೇ ಅಜ್ಜ ಬೇಲಿಗೆ ಒರಗಿ ನಿಂತು, ಮಗನ ಡೈವೋರ್ಸಿನಿಂದ ಹಿಡಿದು ತಮ್ಮ ಮಂಡಿ ಆಪರೇಷನ್ನಿನ ತನಕ ಒಪ್ಪಿಸಿದರು. ಪಾಪ, ಯಾರಾದರೂ ಕೇಳಲಿ ಅಂತ ಕಾದಿದ್ದರೇನೋ.

ಊರು ತೋರಿಸೋಣ ಅಂತ ಹೈ ಸ್ಟ್ರೀಟ್‌ಗೆ ಕರಕೊಂಡು ಹೋದೆ. ಚರ್ಚಿನ ಪಕ್ಕದಲ್ಲೇ 1614ರಲ್ಲಿ ಕಟ್ಟಿದ ಹಳೇ ಗ್ರಾಮರ್ ಸ್ಕೂಲ್, ಮರದ ಕಂಬಗಳ ಮೇಲೆ ನಿಂತಿದೆ. ಆಗೆಲ್ಲ ಮೇಲೆ ಪಾಠ, ಕೆಳಗೆ ನೆರಳಲ್ಲಿ ಬೆಣ್ಣೆ ವ್ಯಾಪಾರ. ಅತ್ತೆ ಕಂಬಗಳನ್ನು ಮುಟ್ಟಿ ನೋಡಿ, "ಕೆಳಗೆ ಬೆಣ್ಣೆ ಇಟ್ಕೊಂಡು ಮೇಲೆ ಮಗ್ಗಿ ಹೇಳು ಅಂದ್ರೆ ಯಾವ ಮಗು ಹೇಳುತ್ತೆ?" ಅಂದರು. ಹತ್ತಿರದಲ್ಲೇ ಸಿಮಿಂಗ್ಟನ್‌ನವರ ಹಳೇ ಕಾರ್ಸೆಟ್ ಕಾರ್ಖಾನೆ. ಈಗ ಅಲ್ಲಿ ಕೌನ್ಸಿಲ್ ಕಚೇರಿ, ಲೈಬ್ರರಿ, ಮ್ಯೂಸಿಯಂ. ಹೆಂಗಸರ ಸೊಂಟ ಬಿಗಿಯುವ ಆ ಉಡುಪನ್ನು ನೋಡಿದ್ದೇ ಅತ್ತೆಗೆ ಊರಿನ ಗುಟ್ಟು ಹೊಳೆಯಿತು. "ಅದಕ್ಕೇ ಕಣೇ ಇವರಿಗೆ ಮಾತು ಹೊರಗೆ ಬರಲ್ಲ!"

ಪ್ರವಾಸ ಕಂಪನಿಯ ಥಾಮಸ್ ಕುಕ್ ಕಥೆ ಹೇಳಿದ್ದು ನಮ್ಮ ಯಜಮಾನರು. ಈ ಊರಿನಲ್ಲಿ ಮರಗೆಲಸ ಮಾಡಿಕೊಂಡಿದ್ದ ಕುಕ್‌ಗೆ, 1841ರಲ್ಲಿ ಪಾನವಿರೋಧಿ ಸಭೆಗೆಂದು ಲೆಸ್ಟರ್‌ಗೆ ಸುಮಾರು ಹದಿನೈದು ಮೈಲಿ ನಡೆದು ಹೋಗುವಾಗ, ಕುಡಿತ ಬಿಟ್ಟವರಿಗೆ ರೈಲು ಪ್ರವಾಸ ಮಾಡಿಸಿದರೆ ಹೇಗೆ ಅನ್ನಿಸಿತಂತೆ. ಜುಲೈ 5ರಂದು ಸುಮಾರು 500 ಜನರನ್ನು ತಲೆಗೊಂದು ಶಿಲ್ಲಿಂಗಿನಂತೆ ಲೆಸ್ಟರ್‌ನಿಂದ ಲಫ್‌ಬರೋಗೆ ಹೊರಡಿಸಿದ.

"ಮತ್ತೆ ಇಲ್ಲಿ ಇಷ್ಟೊಂದು ಪಬ್ ಹೇಗೋ?" ಎಂದು ಮಗನನ್ನೇ ಕೇಳಿದ ಅತ್ತೆ, ಉತ್ತರವನ್ನೂ ತಾವೇ ಕೊಟ್ಟರು. "ಕುಡೀದೇ ಇರೋರನ್ನೆಲ್ಲ ರೈಲು ಹತ್ತಿಸಿ ಕಳಿಸಿಬಿಟ್ಟ. ಉಳಿದೋರು ಇಲ್ಲೇ ಉಳ್ಕೊಂಡ್ರು!"

ಆದರೆ ಅತ್ತೆಯ ನಿಜವಾದ ಪರಾಕ್ರಮ ಕಂಡದ್ದು ಮಾರ್ಕೆಟ್ಟಿನಲ್ಲಿ. ತರಕಾರಿಯವನು ಟೊಮೆಟೊವನ್ನು ಬೋಗುಣಿಯಲ್ಲಿ ತುಂಬಿಟ್ಟು ಬೋಗುಣಿಗೊಂದು ಪೌಂಡ್ ಅನ್ನುತ್ತಾನೆ. ಅತ್ತೆ ಒಂದು ಪೌಂಡ್ ಕೊಟ್ಟು, ಚೀಲಕ್ಕೆ ಸುರಿಸಿಕೊಂಡು, ಪಕ್ಕದ ಬೋಗುಣಿಯಿಂದ ಎರಡು ಹಣ್ಣು ಎತ್ತಿ ಮೇಲಿಟ್ಟುಕೊಂಡರು. ಕೊಸರು! ಹಿಂದಿನ ಕ್ಯೂ ಗಪ್‌ಚಿಪ್. ನಾನು ಆಲೂಗಡ್ಡೆ ರಾಶಿಯ ಹಿಂದೆ ಮುಖ ಮರೆಸಿಕೊಂಡೆ. ಅವನು ಹಣ್ಣು ನೋಡಿದ, ಅತ್ತೆಯ ಮುಖ ನೋಡಿದ. ಅತ್ತೆ ನಗುತ್ತಾ, "ಡಾಟರ್?" ಅಂದರು. ಅಷ್ಟೇ, ಮೊಬೈಲ್ ತೆಗೆದು ಮೊಮ್ಮಗಳ ಫೋಟೋ ತೋರಿಸತೊಡಗಿದ. ಮುಂದಿನ ವಾರದಿಂದ ಕೊಸರನ್ನು ಅವನೇ ಹಾಕಿದ, ಕ್ಯೂನಲ್ಲಿದ್ದ ಬೇರೆಯವರಿಗೆ ಹಾಕಲಿಲ್ಲ.

ಇಂಥ ಊರಿಗೆ ಅತ್ತೆ ಮಾವಂದಿರನ್ನು ಕರೆಸಿಕೊಳ್ಳುವವರಿದ್ದರೆ ದಯವಿಟ್ಟು ಮೇ ತಿಂಗಳಲ್ಲಿ ಕರೆಸಿಕೊಳ್ಳಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ವಿಚಾರಿಸೋಣವೆಂದರೆ ಬೇಲಿಯ ಹತ್ತಿರ ಒಬ್ಬರೂ ಸಿಗುವುದಿಲ್ಲ.