ಅಮ್ಮಾ, ನಾನು ಫ್ಲೂಟ್ ಕಲಿಯುತ್ತಿದ್ದೇನೆ

ಶನಿವಾರ ಶನಿವಾರ ಫ್ಲೂಟ್ ಕಲಿಯುತ್ತಿದ್ದೇನೆ ಎಂದು ಟೆಕ್ಸಾಸ್‌ನಿಂದ ಫೋನಿನಲ್ಲಿ ಹೇಳಿದಾಗ ಕೋಲಾರದಲ್ಲಿದ್ದ ಅಮ್ಮನಿಗೆ ಸಂತೋಷವೋ ಸಂತೋಷ. ವಾರ ಕಳೆಯುವಷ್ಟರಲ್ಲಿ ನೆಂಟರಿಗೆಲ್ಲ ಸುದ್ದಿ ಮುಟ್ಟಿತ್ತು. ರಾಮನವಮಿಗೆ ಊರಿಗೆ ಬಂದರೆ ದೇವಸ್ಥಾನದಲ್ಲಿ ಒಂದು ಕಛೇರಿ ಇಡಿಸುವ ಮಾತೂ ನಡೆದಿತ್ತಂತೆ. ಮುಂದಿನ ವಾರ ವಿಡಿಯೋ ಕಾಲ್‌ನಲ್ಲಿ ನೋಡಿದರೆ, ಮಗ ಗ್ಯಾರೇಜಿನಲ್ಲಿ ಮೋಟು ಸ್ಟೂಲಿನ ಮೇಲೆ ಕೂತು, ತೊಡೆಗೆ ಚರ್ಮದ ತುಂಡು ಹಾಸಿಕೊಂಡು ಕಲ್ಲು ಕುಟ್ಟುತ್ತಿದ್ದಾನೆ.

"ಅಲ್ಲ ಕಣೋ, ಓದದೇ ಇದ್ರೆ ಕಲ್ಲು ಒಡೆಯೋಕೆ ಹೋಗ್ತೀಯ ಅಂತ ಬೈದು ಬೈದು ಓದಿಸಿದ್ನಲ್ಲೋ. ಅಷ್ಟೆಲ್ಲ ಓದಿ ಇಲ್ಲಿಗೇ ಬಂದ್ಯಾ?"

ಅಮ್ಮನಿಗೆ ಸಮಾಧಾನವಾಗಿ ವಿವರಿಸಿದೆ. ಅದು ಕೂಲಿ, ಇದು ಹವ್ಯಾಸ. ಅಲ್ಲಿ ಕಲ್ಲು ಒಡೆದರೆ ದುಡ್ಡು ಬರುತ್ತದೆ, ಇಲ್ಲಿ ಹೋಗುತ್ತದೆ. ಮರ್ಯಾದೆ ಎಲ್ಲ ಇರುವುದು ಆ ವ್ಯತ್ಯಾಸದಲ್ಲೇ.

ಫ್ಲೂಟ್ ಎಂದರೆ ಕೊಳಲಲ್ಲ. ಸುಮಾರು 13,000 ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಮ್ಯಾಮತ್ ಬೇಟೆಯಾಡುತ್ತಿದ್ದ ಕ್ಲೋವಿಸ್ ಜನ, ಅವರಾದ ಮೇಲೆ ಬೈಸನ್ ಬೆನ್ನು ಹತ್ತಿದ ಫೋಲ್ಸಮ್ ಜನ, ತಮ್ಮ ಕಲ್ಲಿನ ಈಟಿಮೊನೆಯ ಬುಡದಿಂದ ತುದಿಯ ಕಡೆಗೆ ಉದ್ದಕ್ಕೆ ಒಂದು ಚಕ್ಕೆ ಎಬ್ಬಿಸುತ್ತಿದ್ದರು. ಚಕ್ಕೆ ಎದ್ದ ಜಾಗದಲ್ಲಿ ಉಳಿಯುವ ತೋಡಿಗೆ ಫ್ಲೂಟ್ ಎಂದು ಹೆಸರು. ಕ್ಲೋವಿಸ್‌ನವರದು ಬುಡದ ಹತ್ತಿರವೇ ನಿಲ್ಲುತ್ತದೆ. ಫೋಲ್ಸಮ್‌ನವರಿಗೆ ಅಷ್ಟು ಸಾಲದು, ಹೆಚ್ಚುಕಡಿಮೆ ತುದಿಯವರೆಗೂ ಓಡಬೇಕು, ಎರಡೂ ಮಗ್ಗುಲಲ್ಲಿ. ಕೊನೆಗೆ ನಡುವೆ ಉಳಿಯುವ ಕಲ್ಲಿನ ದಪ್ಪ ಮೂರ್ನಾಲ್ಕು ಮಿಲಿಮೀಟರು.

ಇದರ ಚೆಂದ ಏನೆಂದರೆ, ಈ ಕೆಲಸ ಬರುವುದು ಬಹುಮಟ್ಟಿಗೆ ಕೊನೆಯಲ್ಲಿ. ಮೊದಲು ಮೂರು ಗಂಟೆ ಕೂತು ಚರ್ಟ್ ಕಲ್ಲನ್ನು ಜಿಂಕೆ ಕೊಂಬಿನಿಂದ ಹೊಡೆದು ಹೊಡೆದು ಎಲೆಯ ಆಕಾರಕ್ಕೆ ತರಬೇಕು. ಬುಡದ ನಡುವೆ ಅಕ್ಕಿಕಾಳಿನಷ್ಟು ಒಂದು ಮೊಟಕು ಉಳಿಸಿ, ಅದು ಪುಡಿಯಾಗದಂತೆ ಒರಟು ಕಲ್ಲಿಗೆ ಉಜ್ಜಿ ಗಟ್ಟಿ ಮಾಡಬೇಕು. ತುದಿಗೆ ಊರೆ ಕೊಟ್ಟು, ಆ ಮೊಟಕಿನ ಮೇಲೆ ಕೊಂಬಿನ ಉಳಿ ಇಟ್ಟು, ಕುಲದೇವರನ್ನು ನೆನೆದು ಒಂದೇ ಏಟು. ಚಕ್ಕೆ ನೆಟ್ಟಗೆ ಓಡಿದರೆ ಗೆದ್ದೆ. ನನ್ನದು ಅರ್ಧ ದಾರಿ ಓಡಿ, ಏನೋ ಮರೆತವರ ಹಾಗೆ ಒಳಕ್ಕೆ ತಿರುಗಿಬಿಡುತ್ತದೆ. 'ಟಿಕ್' ಎಂದು ಸಣ್ಣ ಸದ್ದು. ಕೈಯಲ್ಲಿ ಎರಡು ತುಂಡು.

ಕುಣಿಯಲಾರದವರಿಗೆ ನೆಲ ಡೊಂಕು. ಹಾಗಾಗಿ ಮೊದಲು ಕಲ್ಲನ್ನು ಬೈದೆ, ಜಾರ್ಜ್‌ಟೌನ್ ಕಡೆಯ ಒಳ್ಳೆಯ ಚರ್ಟ್ ಕಿಲೋ ಲೆಕ್ಕದಲ್ಲಿ ಬಂತು. ಆಮೇಲೆ ಕೊಂಬನ್ನು ಬೈದೆ, ತಾಮ್ರದ ಮೂತಿಯ ಸುತ್ತಿಗೆ ಬಂತು. ಕೊನೆಗೆ ನನ್ನ ಕೈಯನ್ನೇ ಬೈದುಕೊಂಡೆ. ಅದರ ಬದಲಿಗೆ ಕಲ್ಲು ಕಚ್ಚಿ ಹಿಡಿಯುವ, ಸನ್ನೆಗೋಲಿನಿಂದ ಒತ್ತುವ ಒಂದು ಯಂತ್ರ ಬಂತು. ಜೊತೆಗೆ ಕನ್ನಡಕ, ಮಾಸ್ಕು, ದೂಳು ಎಳೆಯುವ ಫ್ಯಾನು. ಶಿಲಾಯುಗಕ್ಕೆ ಹಿಂತಿರುಗುವುದು ಇಷ್ಟು ದುಬಾರಿ ಎಂದು ಗೊತ್ತಿದ್ದರೆ ಗಾಲ್ಫ್ ಆಡುತ್ತಿದ್ದೆ.

ಮುರಿಯುವುದು ನನಗೊಬ್ಬನಿಗೇ ಅಲ್ಲವಂತೆ. ಕೊಲರಾಡೊದ ಲಿಂಡನ್‌ಮೈಯರ್‌ನ ಫೋಲ್ಸಮ್ ಬೀಡಿನಲ್ಲೂ ಫ್ಲೂಟ್ ತೆಗೆಯುವಾಗ ಮುರಿದ ತುಂಡುಗಳು ಸಿಕ್ಕಿವೆ. ಆದರೆ ಅವರ ಮುರುಕು ಮ್ಯೂಸಿಯಂ ಸೇರಿತು. ನನ್ನದನ್ನು ಹೆಂಡತಿ ಗುಲಾಬಿ ಗಿಡದ ಬುಡಕ್ಕೆ ಹಾಕುತ್ತಾಳೆ.

ಅಷ್ಟಕ್ಕೂ ಈ ತೋಡು ಯಾತಕ್ಕೆ? ಕೋಲಿಗೆ ಸಿಕ್ಕಿಸಲು ಎನ್ನುತ್ತಾರೆ ಕೆಲವರು. ಬುಡ ತೆಳುವಾದರೆ ಹೊಡೆತದ ಬಿರುಸನ್ನು ಅದೇ ನುಂಗಿಕೊಂಡು ಮೊನೆಯನ್ನು ಉಳಿಸುತ್ತದೆ ಎಂದು 2017ರ ಒಂದು ಅಧ್ಯಯನ. ಬರೀ ಕೈಚಳಕದ ಪ್ರದರ್ಶನ ಎನ್ನುವವರೂ ಇದ್ದಾರೆ. ಫೋಲ್ಸಮ್‌ನವರಾದ ಮೇಲೆ ಅಮೆರಿಕದಲ್ಲಿ ಫ್ಲೂಟ್ ಬಿಟ್ಟೇ ಹೋಯಿತು, ಬೇಟೆಯೇನೂ ನಿಲ್ಲಲಿಲ್ಲ. ನನಗಂತೂ ಮೂರನೆಯ ವಾದವೇ ಇಷ್ಟ. ಬೇಡದ ಕೆಲಸವನ್ನು ಕಷ್ಟಪಟ್ಟು ಮಾಡಿ ನಾಲ್ಕು ಜನರಿಗೆ ತೋರಿಸುವ ನಮ್ಮ ಕುಲಕ್ಕೆ ಒಬ್ಬ ಮೂಲಪುರುಷ ಬೇಕಲ್ಲ!

ಫೋಲ್ಸಮ್ ಎನ್ನುವುದು ನ್ಯೂ ಮೆಕ್ಸಿಕೋದ ಒಂದು ಊರು. 1908ರ ಪ್ರವಾಹ ಕೊರೆದ ಹಳ್ಳದಲ್ಲಿ ಭಾರಿ ಗಾತ್ರದ ಮೂಳೆಗಳನ್ನು ಕಂಡು, ಇವು ಈಗಿನ ಬೈಸನ್‌ನವಲ್ಲ ಎಂದು ಗುರುತಿಸಿದವನು ಜಾರ್ಜ್ ಮೆಕ್‌ಜಂಕಿನ್. ಗುಲಾಮನಾಗಿ ಹುಟ್ಟಿ, ದನ ಕಾಯುವವನಾಗಿ ಬೆಳೆದ ಕರಿಯ. ಬಂದು ನೋಡಿ ಎಂದು ಕಂಡವರಿಗೆಲ್ಲ ಹೇಳಿದ. 1922ರಲ್ಲಿ ತೀರಿಕೊಂಡ. ಡೆನ್ವರ್‌ನ ಮ್ಯೂಸಿಯಂನವರು ಅಗೆತ ಶುರುಮಾಡಿದ್ದು 1926ರಲ್ಲಿ. ಮರುವರ್ಷ ಪಕ್ಕೆಲುಬುಗಳ ನಡುವೆ ಸಿಕ್ಕಿಕೊಂಡಿದ್ದ ಮೊನೆಯನ್ನು ನೋಡಲು ದೊಡ್ಡ ದೊಡ್ಡ ಪ್ರೊಫೆಸರುಗಳು ಬಂದರು. ಮೊನೆಗೆ ಊರಿನ ಹೆಸರಿಟ್ಟರು.

ನಮ್ಮ ಹವ್ಯಾಸಿಗಳಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಮುಂದೆ ಯಾರೂ ಪುರಾತನವೆಂದು ಮಾರಿ ಮೋಸ ಮಾಡದಿರಲಿ ಎಂದು ತಾವು ಮಾಡಿದ ಮೊನೆಯ ಮೇಲೆ ವಜ್ರದ ಮುಳ್ಳಿನಿಂದ ಸಹಿ ಗೀರುತ್ತಾರೆ. ನಾನೂ ಆ ಮುಳ್ಳು ಕೊಂಡೆ. ಒಂದು ಕೂಟದಲ್ಲಿ ನನ್ನ ಮೊನೆಯನ್ನು ತಿರುವಿ ನೋಡಿದ ಹಿರಿಯರೊಬ್ಬರು, ನಿಮಗೆ ಸಹಿಯ ಅಗತ್ಯವಿಲ್ಲ ಎಂದರು.

ಕಳೆದ ವಾರ ಅಮ್ಮ ಸುಮ್ಮನಿರಲಾರದೆ ನನ್ನ ವಿಡಿಯೋವನ್ನು ಊರಿನ ಕಲ್ಲುಕುಟಿಗ ಅಣ್ಣನಿಗೆ ತೋರಿಸಿದ್ದಾರೆ. ನಮ್ಮ ಮನೆಯ ಚಪ್ಪಡಿ, ಬೇಲಿಯ ಕಂಬ ಎಲ್ಲ ಅವರು ಸೀಳಿದ್ದೇ. ಬಂಡೆಗೆ ಸಾಲಾಗಿ ಕುಳಿ ತೋಡಿ, ಬೆಣೆ ಕೂರಿಸಿ, ಸದ್ದು ಕೇಳಿಯೇ ಎಲ್ಲಿ ಬಿರುಕು ಬಿಡುತ್ತದೆಂದು ಹೇಳುವವರು. ಮೂವತ್ತು ವರ್ಷ ಮಾಸ್ಕಿಲ್ಲದೆ ದೂಳು ಕುಡಿದವರು. ನಮ್ಮ ಜಗಲಿಯ ಕಲ್ಲನ್ನು ಹಾಕಿದವರು ಅವರೇ, ಅದರ ಮೇಲೆ ಕೂತದ್ದನ್ನು ಮಾತ್ರ ನಾನು ನೋಡಿಲ್ಲ.

ಫೋನು ಅವರ ಕೈಗೆ ಹೋಯಿತು.

"ತುದಿಗೆ ಊರೆ ಸರಿಯಾಗಿಲ್ಲ ಸ್ವಾಮಿ, ಕಲ್ಲು ಅದುರ್ತಾ ಐತೆ. ಅದಕ್ಕೇ ಮುರೀತಿರೋದು." ಎರಡು ವರ್ಷ, ಒಂದು ಯಂತ್ರ ಹೇಳದ್ದನ್ನು ಒಂದು ವಿಡಿಯೋ ನೋಡಿ ಹೇಳಿದರು. ಆಮೇಲೆ ಕೇಳಿದರು, "ಒಂದಕ್ಕೆ ಎಷ್ಟು ಕೊಡ್ತಾರೆ?"

"ಯಾರೂ ಕೊಡಲ್ಲಣ್ಣ. ನಾನೇ ಕೊಡ್ತೀನಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು. ನಗುವೂ ಇದ್ದಿರಬಹುದು.